ಸೆರೆಯಲ್ಲಿದ್ದ ರಾಣಿಯ ಮೇಲೆ ರಾಜದ್ರೋಹದ ಕೇಸು: ಮೇರಿ ಸ್ಟುವರ್ಟ್ ವಿಚಾರಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನಮ್ಮಲ್ಲಿದೆ. 1586ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಫಾದರಿಂಗೇ ಕೋಟೆಯಲ್ಲಿ ನಡೆದ ವಿಚಾರಣೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಇದೇ ಮಾತು. ಸ್ಕಾಟ್ಲೆಂಡಿನ ರಾಣಿ ಮೇರಿ ಸ್ಟುವರ್ಟ್ ಆಶ್ರಯ ಕೇಳಿಕೊಂಡು ಇಂಗ್ಲೆಂಡಿಗೆ ಬಂದಳು, ಅಲ್ಲಿಯ ಅನ್ನ ಉಂಡಳು, ಕೊನೆಗೆ ಅಲ್ಲಿಯ ರಾಣಿ ಎಲಿಜಬೆತ್‌ಳನ್ನೇ ಕೊಲ್ಲಿಸಲು ಹೊರಟಳು. ಇದು ಒಂದು ಕಡೆಯವರ ವಾದ. ಬೀಗ ಹಾಕಿ ಕೂರಿಸಿದ ಮನೆ ಉಂಡ ಮನೆ ಹೇಗಾಗುತ್ತದೆ? ಇದು ಮೇರಿಯ ವಾದ.

ಈ ಕೇಸಿನ ಬಗ್ಗೆ ಓದುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ತಾರೀಖುಗಳ ಬಗ್ಗೆ ಒಂದು ಮಾತು. ಆಗ ಇಂಗ್ಲೆಂಡಿನಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು. ಫ್ರಾನ್ಸ್, ಸ್ಪೇನ್ ಆಗಲೇ ಹೊಸ ಕ್ಯಾಲೆಂಡರಿಗೆ ಹೋಗಿದ್ದವು. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಹತ್ತು ದಿನದ ವ್ಯತ್ಯಾಸ ಕಾಣುತ್ತದೆ. ನಾನು ಇಂಗ್ಲೆಂಡಿನ ತಾರೀಖುಗಳನ್ನೇ ಕೊಟ್ಟಿದ್ದೇನೆ, ವರ್ಷವನ್ನು ಮಾತ್ರ ಈಗಿನಂತೆ ಜನವರಿಯಿಂದ ಎಣಿಸಿದ್ದೇನೆ.

ಮೇರಿ ಯಾರು?

1542ರ ಡಿಸೆಂಬರ್ 8ರಂದು ಹುಟ್ಟಿದಳು. ಆರು ದಿನಕ್ಕೆ ಅಪ್ಪ, ಸ್ಕಾಟ್ಲೆಂಡಿನ ದೊರೆ ಐದನೇ ಜೇಮ್ಸ್, ತೀರಿಕೊಂಡ. ತೊಟ್ಟಿಲಲ್ಲಿದ್ದ ಕೂಸು ರಾಣಿಯಾಯಿತು. ಐದು ವರ್ಷದ ಹುಡುಗಿಯನ್ನು 1548ರಲ್ಲಿ ಫ್ರಾನ್ಸಿಗೆ ಕಳಿಸಿದರು. ಅಲ್ಲೇ ಬೆಳೆದಳು, ಅಲ್ಲಿಯ ಯುವರಾಜನನ್ನೇ ಮದುವೆಯಾದಳು. 1559ರಲ್ಲಿ ಅವನು ಪಟ್ಟಕ್ಕೆ ಬಂದಾಗ ಈಕೆ ಫ್ರಾನ್ಸಿಗೂ ರಾಣಿ. ಮರುವರ್ಷ ಡಿಸೆಂಬರಿನಲ್ಲಿ ಗಂಡ ಸತ್ತ. ಹದಿನೆಂಟು ತುಂಬುವ ಹೊತ್ತಿಗೆ ವಿಧವೆ. 1561ರಲ್ಲಿ ಸ್ಕಾಟ್ಲೆಂಡಿಗೆ ವಾಪಸ್ ಬಂದಳು. ರಾಣಿ ಕ್ಯಾಥೊಲಿಕ್, ದೇಶ ಆಗಷ್ಟೇ ಪ್ರಾಟೆಸ್ಟೆಂಟ್ ಆಗಿತ್ತು.

ಎಲಿಜಬೆತ್‌ಗೂ ಮೇರಿಗೂ ಏನು ಸಂಬಂಧ?

ಇಂಗ್ಲಿಷಿನಲ್ಲಿ ಸುಮ್ನೆ "ಕಸಿನ್" ಎಂದು ಬರೆದು ಬಿಡುತ್ತಾರೆ. ನಮ್ಮ ಭಾಷೆಯಲ್ಲಿ ಸರಿಯಾಗಿ ಹೇಳಬಹುದು: ಮೇರಿ ಎಲಿಜಬೆತ್‌ಳ ಸೋದರತ್ತೆಯ ಮೊಮ್ಮಗಳು. ಎಲಿಜಬೆತ್‌ಳ ಅಪ್ಪ ಎಂಟನೇ ಹೆನ್ರಿಯ ಅಕ್ಕ ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿಗೆ ಕೊಟ್ಟಿದ್ದರು. ಅವಳ ಮಗ ಐದನೇ ಜೇಮ್ಸ್, ಅವನ ಮಗಳು ಮೇರಿ.

ಜಗಳದ ಬೇರು ಇರುವುದೂ ಈ ಸಂಬಂಧದಲ್ಲೇ. ಎಲಿಜಬೆತ್‌ಗೆ ಮಕ್ಕಳಿಲ್ಲ, ಮದುವೆಯೇ ಇಲ್ಲ. ರಕ್ತಸಂಬಂಧದ ಲೆಕ್ಕದಲ್ಲಿ ಮುಂದಿನ ಹಕ್ಕುದಾರಳು ಮೇರಿ. ಹೆನ್ರಿ ತನ್ನ ಮೊದಲ ಹೆಂಡತಿಯನ್ನು ಬಿಟ್ಟು ಎಲಿಜಬೆತ್‌ಳ ತಾಯಿಯನ್ನು ಕಟ್ಟಿಕೊಂಡದ್ದನ್ನು ಅನೇಕ ಕ್ಯಾಥೊಲಿಕರು ಮದುವೆ ಎಂದೇ ಒಪ್ಪಿರಲಿಲ್ಲ. ಅವರ ಕಣ್ಣಿಗೆ ಮೇರಿ ಮುಂದಿನ ರಾಣಿಯಲ್ಲ, ಈಗಲೇ ರಾಣಿ. ಹಾಗಾಗಿ ಆಕೆ ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಎಲಿಜಬೆತ್‌ಗೆ ಅಪಾಯವೇ ಆಗಿದ್ದಳು.

ಇಬ್ಬರೂ ಕಾಗದಗಳಲ್ಲಿ "ಸೋದರಿ" ಎಂದೇ ಕರೆದುಕೊಂಡರು. ಒಂದು ಸಲವೂ ಮುಖ ನೋಡಲಿಲ್ಲ.

ಬೇರೆ ದೇಶದ ರಾಣಿ ಇಂಗ್ಲೆಂಡಿನಲ್ಲಿ ಸೆರೆಯಾದದ್ದು ಹೇಗೆ?

ತಾನಾಗಿಯೇ ಬಂದಳು. 1567ರ ಫೆಬ್ರವರಿಯಲ್ಲಿ ಆಕೆಯ ಎರಡನೇ ಗಂಡ ಡಾರ್ನ್ಲಿಯ ಕೊಲೆಯಾಯಿತು. ಮೂರೇ ತಿಂಗಳಲ್ಲಿ, ಆ ಕೊಲೆ ಮಾಡಿಸಿದವನೆಂದು ಊರೆಲ್ಲ ಬೆರಳು ತೋರಿಸುತ್ತಿದ್ದ ಬಾತ್‌ವೆಲ್‌ನನ್ನೇ ಆಕೆ ಮದುವೆಯಾದಳು. ಸ್ಕಾಟ್ಲೆಂಡಿನ ಸರದಾರರು ತಿರುಗಿಬಿದ್ದರು. ಲಾಕ್‌ಲೆವೆನ್ ಸರೋವರದ ನಡುವಿನ ಕೋಟೆಯಲ್ಲಿ ಕೂಡಿಹಾಕಿ, ಒಂದು ವರ್ಷದ ಮಗನಿಗೆ ಪಟ್ಟ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡರು. 1568ರ ಮೇ 2ರಂದು ಅಲ್ಲಿಂದ ತಪ್ಪಿಸಿಕೊಂಡಳು. ಹನ್ನೊಂದು ದಿನಕ್ಕೆ ಲ್ಯಾಂಗ್‌ಸೈಡ್ ಕಾಳಗದಲ್ಲಿ ಸೋತಳು. ಮೇ 16ರಂದು ಒಂದು ದೋಣಿಯಲ್ಲಿ ಸಾಲ್ವೇ ಕೊಲ್ಲಿ ದಾಟಿ ಇಂಗ್ಲೆಂಡಿನ ದಡ ಹತ್ತಿದಳು.

ಎಲಿಜಬೆತ್ ಸೈನ್ಯ ಕೊಟ್ಟು ಕಳಿಸುತ್ತಾಳೆ ಎಂದು ಆಕೆ ನಂಬಿದ್ದಳು. ಎಲಿಜಬೆತ್‌ಗೆ ಯಾವ ದಾರಿಯೂ ಸರಿ ಕಾಣಲಿಲ್ಲ. ಸೈನ್ಯ ಕೊಟ್ಟರೆ ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟ್ ಗೆಳೆಯರ ಮೇಲೇ ಯುದ್ಧ. ಫ್ರಾನ್ಸಿಗೆ ಬಿಟ್ಟರೆ ಅಲ್ಲಿಂದ ದಂಡು ಕಟ್ಟಿಕೊಂಡು ಬರಬಹುದು. ಇಂಗ್ಲೆಂಡಿನಲ್ಲಿ ಹಾಯಾಗಿ ಓಡಾಡಲು ಬಿಟ್ಟರೆ ಕ್ಯಾಥೊಲಿಕರು ಸುತ್ತ ಸೇರುತ್ತಾರೆ. ಡಾರ್ನ್ಲಿ ಕೊಲೆಯ ಬಗ್ಗೆ ಒಂದು ವಿಚಾರಣೆ ನಡೆಸಿ, 1569ರ ಜನವರಿಯಲ್ಲಿ ಅದನ್ನು ಅತ್ತಲೂ ಇತ್ತಲೂ ತೀರ್ಮಾನ ಹೇಳದೆ ಮುಗಿಸಿದರು. ತಪ್ಪಿತಸ್ಥಳೆಂದು ಸಾಬೀತಾಗಲಿಲ್ಲ. ಬಿಡಲೂ ಇಲ್ಲ. ಮುಂದಿನ ಹದಿನೆಂಟು ವರ್ಷ ಹೀಗೇ ಹೋಯಿತು.

ಸೆರೆ ಎಂದರೆ ಕತ್ತಲ ಕೋಣೆಯೇ?

ಅಲ್ಲ. ಶ್ರೂಸ್‌ಬರಿಯ ಅರ್ಲ್ ಎಂಬ ದೊಡ್ಡ ಶ್ರೀಮಂತನ ಮನೆಗಳಲ್ಲಿ ಸುಮಾರು ಹದಿನೈದು ವರ್ಷ ಇಟ್ಟರು. ಆಳುಕಾಳು ಇದ್ದರು, ದೊರೆಗಳ ಪದ್ಧತಿಯಂತೆ ತಲೆಯ ಮೇಲೆ ರಾಜಛತ್ರದ ಬಟ್ಟೆ ಇತ್ತು. ಅರ್ಲನ ಹೆಂಡತಿ ಬೆಸ್ ಜೊತೆ ಕೂತು ಕಸೂತಿ ಹಾಕುತ್ತಿದ್ದಳು. ಆ ಕಸೂತಿಗಳಲ್ಲಿ ಕೆಲವು ಇಂಗ್ಲೆಂಡಿನ ಆಕ್ಸ್‌ಬರೋ ಹಾಲ್‌ನಲ್ಲಿ ಈಗಲೂ ಇವೆ.

ಆದರೆ ಬೀಗ ಬೀಗವೇ. ಟಟ್‌ಬರಿ ಕೋಟೆಯ ತೇವಕ್ಕೆ, ಗಬ್ಬು ನಾತಕ್ಕೆ ಆರೋಗ್ಯ ಕೆಟ್ಟಿತು. ಕೀಲು ನೋವಿನಿಂದ ನಡೆಯುವುದೇ ಕಷ್ಟವಾಯಿತು. ಇಪ್ಪತ್ತೈದರ ಹೆಂಗಸಾಗಿ ಬಂದವಳು ವಿಚಾರಣೆಗೆ ನಿಲ್ಲುವಾಗ ನಲವತ್ತಮೂರು.

ಉಂಡ ಮನೆಯ ಲೆಕ್ಕ ಹಾಕುವವರು ಇನ್ನೊಂದನ್ನೂ ಗಮನಿಸಬೇಕು. ಎಲಿಜಬೆತ್ ಕೊಡುತ್ತಿದ್ದ ಹಣ ಸಾಲದೆ ಶ್ರೂಸ್‌ಬರಿ ತನ್ನ ಕೈಯಿಂದ ಹಾಕುತ್ತಿದ್ದ. ಫ್ರಾನ್ಸಿನ ವಿಧವೆ ರಾಣಿಯಾಗಿ ಬರುತ್ತಿದ್ದ ಆದಾಯದಿಂದ ಮೇರಿಯೂ ತನ್ನ ಖರ್ಚು ನೋಡಿಕೊಳ್ಳುತ್ತಿದ್ದಳು.

ಆಕೆಯನ್ನು ಯಾವ ಕಾನೂನಿನ ಕೆಳಗೆ ವಿಚಾರಣೆ ಮಾಡಿದರು?

ಆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಕಾನೂನಿನ ಕೆಳಗೆ. 1570ರಲ್ಲಿ ಪೋಪ್ ಎಲಿಜಬೆತ್‌ಳನ್ನು ಧರ್ಮದಿಂದ ಹೊರಗೆ ಹಾಕಿ, ಪ್ರಜೆಗಳು ಆಕೆಯ ಮಾತು ಕೇಳಬೇಕಿಲ್ಲ ಎಂದು ಸಾರಿದ. ಎಲಿಜಬೆತ್‌ಳನ್ನು ಇಳಿಸಿ ಮೇರಿಯನ್ನು ಪಟ್ಟಕ್ಕೆ ತರುವ ಸಂಚುಗಳೂ ನಡೆದವು: 1571ರಲ್ಲಿ ರಿಡಾಲ್ಫಿ ಸಂಚು, 1583ರಲ್ಲಿ ಥ್ರಾಕ್‌ಮಾರ್ಟನ್ ಸಂಚು ಬಯಲಾದವು. ಎರಡರಲ್ಲೂ ಮೇರಿಯ ಹೆಸರಿತ್ತು. 1584ರ ಜುಲೈನಲ್ಲಿ ಹಾಲೆಂಡಿನ ಪ್ರಾಟೆಸ್ಟೆಂಟ್ ನಾಯಕ ಆರೆಂಜಿನ ವಿಲಿಯಂನನ್ನು ಅವನ ಮನೆಯೊಳಗೇ ಗುಂಡು ಹಾರಿಸಿ ಕೊಂದರು. ಮುಂದಿನ ಗುಂಡು ನಮ್ಮ ರಾಣಿಗೆ ಎಂದು ಇಂಗ್ಲೆಂಡ್ ಹೆದರಿತು. ಈ ಹೆದರಿಕೆ ನಾಟಕವಲ್ಲ, ನಿಜವಾದದ್ದು.

ಆ ಅಕ್ಟೋಬರಿನಲ್ಲಿ ಎಲಿಜಬೆತ್‌ಳ ಮಂತ್ರಿಗಳು ಒಂದು ಪ್ರತಿಜ್ಞಾಪತ್ರ ತಯಾರಿಸಿದರು. ಯಾರ ಹಕ್ಕಿಗಾಗಿ ರಾಣಿಯ ಮೇಲೆ ಕೊಲೆಯ ಪ್ರಯತ್ನ ನಡೆಯುತ್ತದೋ ಅವರನ್ನೂ ಬೆನ್ನಟ್ಟಿ ಕೊಲ್ಲುತ್ತೇವೆ ಎಂದು ಸಾವಿರಾರು ಜನ ಸಹಿ ಹಾಕಿದರು. ತನ್ನ ಮೇಲಿನ ಅನುಮಾನ ಹೋಗಲಿ ಎಂದು ಮೇರಿಯೂ ಸಹಿ ಹಾಕಲು ಮುಂದೆ ಬಂದಳು. 1585ರಲ್ಲಿ ಪಾರ್ಲಿಮೆಂಟ್ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ಕಾನೂನಾಗಿಸಿತು. ಸಿಂಹಾಸನಕ್ಕೆ ಹಕ್ಕು ಹೇಳುವ ಯಾರಾದರೂ, ಅಥವಾ ಅವರಿಗೆ ತಿಳಿದಿದ್ದು ಅವರ ಪರವಾಗಿ ಬೇರೆ ಯಾರಾದರೂ, ರಾಣಿಯ ಜೀವಕ್ಕೆ ಕೈಹಾಕಿದರೆ ಕನಿಷ್ಠ 24 ಜನ ಮಂತ್ರಿಗಳು, ಶ್ರೀಮಂತರು ಕೂತು ವಿಚಾರಣೆ ಮಾಡಬಹುದು. ಮೇರಿ ಎಂಬ ಹೆಸರು ಅದರಲ್ಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅಂದರೆ ಹಳೆಯ 1352ರ ರಾಜದ್ರೋಹದ ಕಾನೂನು, ಹನ್ನೆರಡು ಜನರ ಜ್ಯೂರಿ ಯಾವುದೂ ಇಲ್ಲಿ ಬರಲಿಲ್ಲ. ನಾವು ಸುಲಭಕ್ಕೆ ರಾಜದ್ರೋಹದ ಕೇಸು ಎನ್ನುತ್ತೇವೆ, ಆಗಿನವರೂ ಹಾಗೇ ಅಂದರು. ಆದರೆ ಹೊರಗಿನವಳನ್ನು "ದ್ರೋಹಿ" ಎನ್ನುವುದು ಎಷ್ಟು ಕಷ್ಟ ಎಂದು ಅವರ ವಕೀಲರಿಗೂ ಗೊತ್ತಿತ್ತು. ಹೊಸ ಕಾನೂನು ಬೇಕಾದದ್ದೇ ಅದಕ್ಕೆ.

ಬ್ಯಾಬಿಂಗ್ಟನ್ ಸಂಚು ಎಂದರೇನು? ಬಿಯರ್ ಪೀಪಾಯಿಯ ಕಥೆ ನಿಜವೇ?

ನಿಜ. 1585ರಿಂದ ಮೇರಿಯ ಕಾವಲಿಗೆ ಏಮಿಯಸ್ ಪೌಲೆಟ್ ಎಂಬ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಬಂದ. ಕಾಗದ ಹೋಗುವ, ಬರುವ ದಾರಿಗಳೆಲ್ಲ ಮುಚ್ಚಿದವು. ಆಗ ಗಿಲ್ಬರ್ಟ್ ಗಿಫರ್ಡ್ ಎಂಬ ಕ್ಯಾಥೊಲಿಕ್ ಯುವಕ ಒಂದು ಹೊಸ ದಾರಿ ಮಾಡಿಕೊಟ್ಟ. ಆಕೆ ಇದ್ದ ಚಾರ್ಟ್ಲಿ ಮನೆಗೆ ಬರ್ಟನ್ ಊರಿನಿಂದ ಬಿಯರ್ ಪೀಪಾಯಿಗಳು ಬರುತ್ತಿದ್ದವು. ಕಾಗದವನ್ನು ನೀರು ಹೋಗದ ಚಿಕ್ಕ ಡಬ್ಬಿಯಲ್ಲಿಟ್ಟು ಪೀಪಾಯಿಯೊಳಗೆ ಅಡಗಿಸುವುದು. ಖಾಲಿ ಪೀಪಾಯಿಯಲ್ಲಿ ಉತ್ತರ ಹೊರಗೆ ಬರುವುದು. ತಿಂಗಳುಗಟ್ಟಲೆ ಹೊರಗಿನ ಸುದ್ದಿ ಕಾಣದ ಮೇರಿಗೆ ಹೋದ ಜೀವ ಬಂದ ಹಾಗಾಯಿತು.

ಗಿಫರ್ಡ್ ಕೆಲಸ ಮಾಡುತ್ತಿದ್ದದ್ದು ಎಲಿಜಬೆತ್‌ಳ ಕಾರ್ಯದರ್ಶಿ, ಗೂಢಚಾರರ ಮುಖ್ಯಸ್ಥ ಫ್ರಾನ್ಸಿಸ್ ವಾಲ್ಸಿಂಗಮ್‌ಗೆ. ಬಿಯರ್ ತಯಾರಿಸುವವನಿಗೂ ಹಣ ಹೋಗುತ್ತಿತ್ತು. ಪ್ರತಿ ಕಾಗದವನ್ನೂ ಆರ್ಥರ್ ಗ್ರೆಗರಿ ಎಂಬವನು ಮೊಹರು ಕೆಡದಂತೆ ಬಿಚ್ಚಿ ಮತ್ತೆ ಅಂಟಿಸುತ್ತಿದ್ದ. ಥಾಮಸ್ ಫೆಲಿಪ್ಸ್ ಎಂಬವನು ಅದರ ಗೂಢಲಿಪಿ ಬಿಡಿಸುತ್ತಿದ್ದ. ಆಕೆಗೆ ಗುಟ್ಟಿನ ದಾರಿ ಕಟ್ಟಿಕೊಟ್ಟವರೇ ಅದರ ಇನ್ನೊಂದು ತುದಿಯಲ್ಲಿ ಕೂತಿದ್ದರು.

ಈ ದಾರಿಗೆ ಬಂದು ಬಿದ್ದವನು ಆಂಟನಿ ಬ್ಯಾಬಿಂಗ್ಟನ್. ಇಪ್ಪತ್ತನಾಲ್ಕರ ಶ್ರೀಮಂತ ಹುಡುಗ, ಮೇರಿಯ ಭಕ್ತ. 1586ರ ಜುಲೈ 6ರ ಹೊತ್ತಿಗೆ ಆಕೆಗೆ ಒಂದು ಉದ್ದ ಕಾಗದ ಬರೆದ. ಹೊರದೇಶದ ಸೈನ್ಯ ಬರುತ್ತದೆ, ನಾನು ಹತ್ತು ಜನ ಗೆಳೆಯರು ಮತ್ತು ನೂರು ಜನರೊಂದಿಗೆ ನಿಮ್ಮನ್ನು ಬಿಡಿಸುತ್ತೇನೆ, ಎಲಿಜಬೆತ್‌ಳನ್ನು ಮುಗಿಸಲು ಆರು ಜನ ಇದ್ದಾರೆ ಎಂದು ಬಿಚ್ಚಿ ಹೇಳಿದ.

ಮೇರಿ ಏನು ಉತ್ತರ ಬರೆದಳು? ಆ ಕಾಗದ ಖೋಟಾ ಅಲ್ಲವೇ?

ಜುಲೈ 17ರ ಆ ಉತ್ತರವೇ ಇಡೀ ಕೇಸು. ಎಷ್ಟು ಕಾಲಾಳು, ಎಷ್ಟು ಕುದುರೆ, ಯಾವ ಬಂದರು, ತನ್ನನ್ನು ಬಿಡಿಸುವುದು ಹೇಗೆ ಎಂದೆಲ್ಲ ಆಕೆ ವಿವರವಾಗಿ ಕೇಳಿದಳು. ಎಲ್ಲ ತಯಾರಾದ ಮೇಲೆ ಆ ಆರು ಜನರನ್ನು ಕೆಲಸಕ್ಕೆ ಹಚ್ಚಬಹುದು, ಅವರ ಕೆಲಸ ಆದ ಕೂಡಲೇ ನನ್ನನ್ನು ಬಿಡಿಸುವ ಏರ್ಪಾಡಿರಲಿ ಎಂದಳು. "ಕೊಲ್ಲಿ" ಎಂಬ ಪದ ಇಲ್ಲ. ಆದರೆ ಆ ಆರು ಜನರ ಕೆಲಸ ಏನು ಎಂದು ಬ್ಯಾಬಿಂಗ್ಟನ್ ಮೊದಲೇ ಬರೆದಿದ್ದ.

ಖೋಟಾ ಎನ್ನುವ ಮಾತಿನಲ್ಲಿ ಒಂದು ಪಾಲು ಸತ್ಯ ಇದೆ. ಕಾಗದ ಮುಂದೆ ಹೋಗುವ ಮೊದಲು ಅದರ ಕೊನೆಗೆ, ಅದೇ ಗೂಢಲಿಪಿಯಲ್ಲಿ, ಕೆಲವು ಸಾಲು ಸೇರಿಸಿದರು. ಆರು ಜನರ ಹೆಸರು ತಿಳಿಸು ಎಂದು ಕೇಳುವ ಸಾಲುಗಳು. ಅವು ಮೇರಿಯವಲ್ಲ, ಫೆಲಿಪ್ಸ್‌ನವು. ಕೋರ್ಟಿನ ಮುಂದೆ ಪತ್ರ ಇಟ್ಟಾಗ ಆ ಸಾಲುಗಳನ್ನು ಬಿಟ್ಟಿದ್ದರು. ಉಳಿದ ಭಾಗವನ್ನು ಹೆಚ್ಚಿನ ಇತಿಹಾಸಕಾರರು ಆಕೆಯದೇ ಎಂದು ಒಪ್ಪುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಮೂಲ ಪತ್ರ ಮಾತ್ರ ಕೋರ್ಟಿಗೆ ಬರಲೇ ಇಲ್ಲ. ಬ್ಯಾಬಿಂಗ್ಟನ್ ಅದನ್ನು ಸುಟ್ಟಿದ್ದ. ಮೇರಿ ಫ್ರೆಂಚಿನಲ್ಲಿ ಹೇಳಿದ್ದನ್ನು ಕಾರ್ಯದರ್ಶಿ ಕ್ಲೋದ್ ನೋ ಬರೆದುಕೊಂಡು, ಇನ್ನೊಬ್ಬ ಕಾರ್ಯದರ್ಶಿ ಗಿಲ್ಬರ್ಟ್ ಕರ್ಲ್ ಇಂಗ್ಲಿಷಿಗೆ, ಆಮೇಲೆ ಗೂಢಲಿಪಿಗೆ ತಿರುಗಿಸಿದ್ದ. ಅಂದರೆ ಆಕೆಯ ಕೈಬರಹ ಎಲ್ಲೂ ಇಲ್ಲ. ಇದ್ದದ್ದು ನಕಲು, ಮತ್ತು ಸೆರೆ ಸಿಕ್ಕವರ ಹೇಳಿಕೆಗಳು.

ಪ್ರಜೆಯೇ ಅಲ್ಲದವಳು ರಾಜದ್ರೋಹ ಮಾಡುವುದು ಹೇಗೆ ಸಾಧ್ಯ?

ದ್ರೋಹ ಆಗಬೇಕಾದರೆ ಮೊದಲು ಒಂದು ಋಣ ಇರಬೇಕು. ಗೆಳೆಯನಿಗೆ ದ್ರೋಹ ಮಾಡಬಹುದು, ಧಣಿಗೆ ಮಾಡಬಹುದು. ಶತ್ರುವಿಗೆ ಮಾಡಿದ್ದು ದ್ರೋಹವಲ್ಲ, ಅದು ಯುದ್ಧ. ಮೇರಿ ಎಲಿಜಬೆತ್‌ಗೆ ಯಾವ ಋಣದಲ್ಲಿದ್ದಳು?

ಇಂಗ್ಲೆಂಡಿನವರ ಉತ್ತರ ಮುಖ್ಯವಾಗಿ ಎರಡು ದಾರಿಯಲ್ಲಿ ಬಂತು. ಒಂದು, ಆಕೆ ಈಗ ರಾಣಿಯೇ ಅಲ್ಲ. 1567ರಲ್ಲಿ ಪಟ್ಟ ಬಿಟ್ಟುಕೊಟ್ಟಿದ್ದಾಳೆ, ಮಗ ಆಳುತ್ತಿದ್ದಾನೆ. ವಿಚಾರಣೆಯ ಆದೇಶದಲ್ಲಿ ಆಕೆಯನ್ನು ಐದನೇ ಜೇಮ್ಸನ ಮಗಳು, "ಸಾಮಾನ್ಯವಾಗಿ ಸ್ಕಾಟರ ರಾಣಿ ಎಂದು ಕರೆಯುವವಳು" ಎಂದು ಬರೆದರು. ರಾಣಿ ಎಂದು ಬರೆಯಲಿಲ್ಲ, ಹಾಗೆ ಕರೆಯುತ್ತಾರೆ ಎಂದಷ್ಟೇ ಬರೆದರು. ಎರಡು, ಯಾರೇ ಆಗಲಿ ಒಂದು ದೇಶದಲ್ಲಿ ಇರುವಷ್ಟು ದಿನ ಅಲ್ಲಿಯ ಕಾನೂನಿನ ನೆರಳಲ್ಲಿ ಇರುತ್ತಾರೆ. ನೆರಳು ಪಡೆದವರು ಆ ಕಾನೂನಿಗೆ ತಲೆಬಾಗಬೇಕು. ಇದು ಸುಮ್ನೆ ತಳ್ಳಿಹಾಕುವ ವಾದವಲ್ಲ. ಇವತ್ತೂ ಹೊರದೇಶದವರು ನಮ್ಮಲ್ಲಿ ಅಪರಾಧ ಮಾಡಿದರೆ ನಮ್ಮ ಕೋರ್ಟಿನಲ್ಲೇ ವಿಚಾರಣೆ, ಅಲ್ವಾ?

ಮೇರಿಯ ಉತ್ತರ ಇನ್ನೂ ನೇರ. ಲಾಕ್‌ಲೆವೆನ್‌ನಲ್ಲಿ ಹಾಕಿದ ಸಹಿ ಜೀವಬೆದರಿಕೆಯ ಸಹಿ, ಅದು ಸಹಿಯೇ ಅಲ್ಲ. ನಾನು ಹುಟ್ಟಿನಿಂದ ರಾಣಿ, ದೇವರಿಗೆ ಬಿಟ್ಟು ಇನ್ಯಾರಿಗೂ ಉತ್ತರ ಹೇಳಬೇಕಾದವಳಲ್ಲ. ಇನ್ನು ನೆರಳಿನ ವಿಷಯ. ನಾನು ಸಹಾಯ ಕೇಳಿ ಬಂದೆ, ನೀವು ಹಿಡಿದು ಕೂಡಿಹಾಕಿದಿರಿ. ನಿಮ್ಮ ಕಾನೂನು ನನ್ನನ್ನು ಯಾವತ್ತು ಕಾಪಾಡಿತು? ಕಾಪಾಡದ ಕಾನೂನಿಗೆ ನಾನೇಕೆ ತಲೆಬಾಗಲಿ?

ಈ ಕೊನೆಯ ಮಾತಿಗೆ ಆ ಸಭೆಯಲ್ಲಿ ಯಾರೂ ಸರಿಯಾದ ಉತ್ತರ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊರದೇಶದ ಪ್ರವಾಸಿ ಬಾಗಿಲು ತೆರೆದು ಹೋಗಬಹುದು. ಅವನು ಇರುವುದು ತನ್ನ ಇಷ್ಟದಿಂದ, ಹಾಗಾಗಿ ಋಣ ಹುಟ್ಟುತ್ತದೆ. ಹೋಗಲು ಬಿಡದೆ ಇಟ್ಟುಕೊಂಡವರಿಗೆ ಯಾವ ಋಣ?

ಮೊದಲು ಬರುವುದಿಲ್ಲ ಎಂದವಳು ಆಮೇಲೆ ಏಕೆ ಬಂದಳು?

ಆಕೆಯನ್ನು ಸೆಪ್ಟೆಂಬರ್ 25ರಂದು ಫಾದರಿಂಗೇ ಕೋಟೆಗೆ ತಂದರು. ಅಕ್ಟೋಬರ್ 12ರಂದು ಎಲಿಜಬೆತ್‌ಳ ಕಾಗದ ಕೈಗೆ ಬಂತು: ವಿಚಾರಣೆಗೆ ಬಂದು ಉತ್ತರ ಹೇಳು ಎಂದು. ನನಗೆ ಪ್ರಜೆಗೆ ಹೇಳಿದ ಹಾಗೆ ಅಪ್ಪಣೆ ಮಾಡುತ್ತಾಳಲ್ಲ ಎಂದು ಮೇರಿ ತಕರಾರು ಮಾಡಿದಳು. ಎರಡು ದಿನ ಮಂತ್ರಿಗಳು ಹೋಗಿ ಬಂದು ಮಾಡಿದರು. ನೀವು ಬರದಿದ್ದರೂ ವಿಚಾರಣೆ ನಡೆಯುತ್ತದೆ ಎಂದು ಖಜಾನೆ ಮಂತ್ರಿ ವಿಲಿಯಂ ಸೆಸಿಲ್ ಗದರಿಸಿದ. ಅದಕ್ಕೆಲ್ಲ ಆಕೆ ಜಗ್ಗಲಿಲ್ಲ. ಆಗಲೇ ಆ ಪ್ರಸಿದ್ಧ ಮಾತು ಹೇಳಿದ್ದು: ನಿಮ್ಮ ಮನಸ್ಸಾಕ್ಷಿಯನ್ನು ನೋಡಿಕೊಳ್ಳಿ, ಇಡೀ ಜಗತ್ತಿನ ರಂಗಮಂಚ ಇಂಗ್ಲೆಂಡ್ ರಾಜ್ಯಕ್ಕಿಂತ ದೊಡ್ಡದು.

ಕೊನೆಗೆ ಮನಸ್ಸು ತಿರುಗಿಸಿದವನು ಆ ಮಂತ್ರಿಗಳಲ್ಲೊಬ್ಬನಾದ ಕ್ರಿಸ್ಟಫರ್ ಹ್ಯಾಟನ್. ಅವನು ಕಾನೂನು ಮಾತಾಡಲಿಲ್ಲ. ನೀವು ತಪ್ಪು ಮಾಡಿಲ್ಲ ಎಂದಾದರೆ ಬರದೆ ಇದ್ದು ನಿಮ್ಮ ಹೆಸರಿಗೆ ನೀವೇ ಮಸಿ ಬಳಿದುಕೊಳ್ಳುತ್ತೀರಿ ಎಂದ. ಆ ಮಾತು ನಾಟಿತು. ನಿಮ್ಮ ಅಧಿಕಾರವನ್ನು ನಾನು ಒಪ್ಪಿಲ್ಲ ಎಂದು ಬರೆದುಕೊಳ್ಳಿ, ಎಲಿಜಬೆತ್‌ಳ ಜೀವದ ಮೇಲಿನ ಸಂಚಿನ ಬಗ್ಗೆ ಮಾತ್ರ ಉತ್ತರ ಹೇಳುತ್ತೇನೆ ಎಂಬ ಷರತ್ತಿನ ಮೇಲೆ ಬಂದಳು.

ಬರಬಾರದಿತ್ತು ಎನ್ನುವವರಿದ್ದಾರೆ. ಬಂದದ್ದೇ ಒಪ್ಪಿಗೆಯಾಯಿತು ಎಂದು ಅವರ ವಾದ. ನನಗೆ ಹಾಗನ್ನಿಸುವುದಿಲ್ಲ. ಬರದಿದ್ದರೆ ಆಕೆಯ ಒಂದು ಮಾತೂ ನಮಗೆ ಉಳಿಯುತ್ತಿರಲಿಲ್ಲ.

ಆ ಎರಡು ದಿನ ನಿಜಕ್ಕೂ ಏನಾಯಿತು?

ಅಕ್ಟೋಬರ್ 14, 15. ಕೋಣೆಯ ಮೇಲುತುದಿಯಲ್ಲಿ ಛತ್ರದ ಕೆಳಗೆ ಒಂದು ಸಿಂಹಾಸನ, ಖಾಲಿ. ಅದು ಎಲಿಜಬೆತ್‌ಳದು. ಎಲಿಜಬೆತ್ ಬಂದಿರಲಿಲ್ಲ. ಅದರ ಕೆಳಗೆ ಮೇರಿಗೊಂದು ಕುರ್ಚಿ. ಎರಡೂ ಬದಿ ಬೆಂಚುಗಳ ಮೇಲೆ ಶ್ರೀಮಂತರು, ಮಂತ್ರಿಗಳು, ನ್ಯಾಯಾಧೀಶರು. ಲಾರ್ಡ್ ಚಾನ್ಸಲರ್ ಥಾಮಸ್ ಬ್ರಾಮ್ಲಿ ಅಧ್ಯಕ್ಷ. ಕಪ್ಪು ಮಖಮಲ್ಲಿನ ಉಡುಪಿನಲ್ಲಿ, ಇಬ್ಬರ ಆಸರೆಯಲ್ಲಿ ಕುಂಟುತ್ತ ಬಂದಳು. ಖಾಲಿ ಸಿಂಹಾಸನ ನೋಡಿ, ನಾನು ಹುಟ್ಟಿನಿಂದ ರಾಣಿ, ನನ್ನ ಜಾಗ ಅಲ್ಲಿರಬೇಕಿತ್ತು ಎಂದಳಂತೆ. ಸುತ್ತ ನೋಡಿ, ಇಷ್ಟು ಜನ ಕಾನೂನು ಬಲ್ಲವರಿದ್ದಾರೆ, ನನ್ನ ಪರ ಒಬ್ಬನೂ ಇಲ್ಲ ಎಂದಳಂತೆ. ಆಕೆಯ ವೈದ್ಯ ಬೂರ್ಗ್ವಾನ್ ಆ ದಿನಗಳ ಬಗ್ಗೆ ದಿನಚರಿ ಬರೆದಿಟ್ಟಿದ್ದಾನೆ. ಅದಿಲ್ಲದಿದ್ದರೆ ಸರ್ಕಾರದ ಕಡೆಯ ಬರಹ ಮಾತ್ರ ಉಳಿಯುತ್ತಿತ್ತು.

ಸರ್ಕಾರದ ವಕೀಲರು ಸಂಚಿನ ಕಥೆಯನ್ನು ಮೊದಲಿನಿಂದ ಹೇಳಿ ಪತ್ರಗಳ ನಕಲು ಓದಿದರು. ಬ್ಯಾಬಿಂಗ್ಟನ್ ಯಾರೆಂದು ನನಗೆ ಗೊತ್ತಿಲ್ಲ, ಆ ಪತ್ರ ನಾನು ಬರೆದಿಲ್ಲ, ನನ್ನ ಕೈಬರಹ ತೋರಿಸಿ ಎಂದಳು. ಬ್ಯಾಬಿಂಗ್ಟನ್ ಜೊತೆ ಪಾಟಿಸವಾಲು ಸಾಧ್ಯವೇ ಇರಲಿಲ್ಲ. ಸೆಪ್ಟೆಂಬರ್ 20, 21ರಂದು ಅವನನ್ನೂ ಹದಿಮೂರು ಜನ ಸಂಗಡಿಗರನ್ನೂ ಕೊಂದು ಮುಗಿಸಿದ್ದರು. ನೋ, ಕರ್ಲ್ ಇಬ್ಬರೂ ಲಂಡನ್ನಿನಲ್ಲಿ ಜೀವಂತ ಇದ್ದರು. ಅವರನ್ನಾದರೂ ನನ್ನ ಎದುರಿಗೆ ಕರೆಯಿರಿ ಎಂದಳು. ಕರೆಯಲಿಲ್ಲ.

ಪತ್ರ ತಿರುಚಿದ್ದು ನೀನೇ ಇರಬೇಕು ಎಂಬ ಅರ್ಥದಲ್ಲಿ ವಾಲ್ಸಿಂಗಮ್ ಕಡೆ ತಿರುಗಿದಾಗ ಅವನು ಎದ್ದು ನಿಂತ. ಖಾಸಗಿ ಮನುಷ್ಯನಾಗಿ ಪ್ರಾಮಾಣಿಕನಿಗೆ ಒಪ್ಪದ್ದನ್ನು ಮಾಡಿಲ್ಲ, ಸರ್ಕಾರಿ ಮನುಷ್ಯನಾಗಿ ನನ್ನ ಹುದ್ದೆಗೆ ಒಪ್ಪದ್ದನ್ನು ಮಾಡಿಲ್ಲ, ದೇವರೇ ಸಾಕ್ಷಿ ಎಂದ. ಈ ಮಾತನ್ನು ನಿಧಾನವಾಗಿ ಓದಿ. ಒಂದೇ ಪ್ರಶ್ನೆಗೆ ಎರಡು ಅಳತೆಗೋಲು. ಮೇರಿ ಹೆಚ್ಚು ಬೆಳೆಸಲಿಲ್ಲ, ಜನ ಹೇಳಿದ್ದನ್ನು ಹೇಳಿದೆ ಎಂದು ಬಿಟ್ಟಳು.

ಒಂದನ್ನು ಮಾತ್ರ ಮುಚ್ಚಿಡಲಿಲ್ಲ. ಸೆರೆಯಿಂದ ಹೊರಬರಲು ಹೊರದೇಶದವರ ಸಹಾಯ ಕೇಳಿದ್ದು ಹೌದು ಎಂದು ಒಪ್ಪಿದಳು. ಎಲಿಜಬೆತ್‌ಳ ಸಾವನ್ನು ಬಯಸಲಿಲ್ಲ ಎಂದು ಕೊನೆಯವರೆಗೂ ಹೇಳಿದಳು.

ಆಕೆಗೆ ವಕೀಲರು ಇರಲಿಲ್ಲವೇ?

ಇಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ರಾಜದ್ರೋಹದ ಕೇಸುಗಳಲ್ಲಿ ಆರೋಪಿಗೆ ವಕೀಲರನ್ನು ಕೊಡುತ್ತಿರಲಿಲ್ಲ. ಅದು ಬದಲಾದದ್ದು 1696ರಲ್ಲಿ. ಮೇರಿಯ ಕಾಗದಪತ್ರಗಳನ್ನೂ ಮೊದಲೇ ಜಪ್ತಿ ಮಾಡಿದ್ದರು. ತನ್ನ ಟಿಪ್ಪಣಿಯೂ ಇಲ್ಲದೆ, ತನ್ನದಲ್ಲದ ದೇಶದ ಕಾನೂನಿನ ಎದುರು ಒಬ್ಬಳೇ ಎರಡು ದಿನ ವಾದ ಮಾಡಿದಳು.

ತೀರ್ಪು ಯಾವಾಗ ಬಂತು?

ಅಲ್ಲೇ ತೀರ್ಪು ಹೇಳಬೇಡಿ ಎಂದು ಎಲಿಜಬೆತ್ ಆದೇಶ ಕಳಿಸಿದ್ದಳು. ಎಲ್ಲರೂ ಲಂಡನ್ನಿಗೆ ವಾಪಸ್ ಹೋಗಿ ಅಕ್ಟೋಬರ್ 25ರಂದು ಸ್ಟಾರ್ ಚೇಂಬರ್ ಎಂಬ ರಾಜನ್ಯಾಯಸಭೆಯ ಕೋಣೆಯಲ್ಲಿ ಸೇರಿದರು. ಅವತ್ತು ನೋ, ಕರ್ಲ್ ಇಬ್ಬರನ್ನೂ ಕರೆತಂದು ಹೇಳಿಕೆ ಪಡೆದರು. ಮೇರಿ ಎದುರಿಗಿದ್ದಾಗ ಬಾರದ ಸಾಕ್ಷಿಗಳು ಆಕೆ ಇಲ್ಲದಾಗ ಬಂದರು. ಈ ಕೇಸಿನಲ್ಲಿ ನನಗೆ ಅತಿ ಜಾಸ್ತಿ ಬೇಸರ ತರಿಸುವುದು ಇದು.

ತಪ್ಪಿತಸ್ಥಳೆಂದು ತೀರ್ಪಾಯಿತು. ಲಾರ್ಡ್ ಜೂಶ್ ಎಂಬ ಒಬ್ಬನೇ, ಎಲಿಜಬೆತ್‌ಳ ಸಾವಿಗೆ ಆಕೆ ಸಂಚು ಮಾಡಿದಳೆಂದು ನನಗೆ ಪೂರ್ತಿ ಮನವರಿಕೆಯಾಗಿಲ್ಲ ಎಂದ.

ತೀರ್ಪಾದ ಮೇಲೂ ಮೂರು ತಿಂಗಳು ಏಕೆ ತಡ?

ಎಲಿಜಬೆತ್‌ಗೆ ಭಯ. ಒಬ್ಬ ರಾಣಿಯ ತಲೆ ಕಡಿಯಬಹುದು ಎಂದು ಜಗತ್ತಿಗೆ ತೋರಿಸಿದರೆ ನಾಳೆ ತನ್ನ ತಲೆಗೂ ಅದೇ ನಿಯಮ. ಪಾರ್ಲಿಮೆಂಟಿನ ಎರಡೂ ಸದನಗಳು ಮರಣದಂಡನೆಗೆ ಒತ್ತಾಯಿಸಿದವು. ನಮ್ಮಂಥ ದೊರೆಗಳು ಇಡೀ ಜಗತ್ತಿನ ಕಣ್ಣಮುಂದೆ ರಂಗದ ಮೇಲೆ ನಿಂತವರು ಎಂದು ಆಕೆ ಅವರಿಗೆ ಹೇಳಿದಳು. ಕೆಲವು ವಾರದ ಹಿಂದೆ ಫಾದರಿಂಗೇಯಲ್ಲಿ ಮೇರಿ ಹೇಳಿದ ರಂಗಮಂಚದ ಮಾತು ನೆನಪಿದೆಯಲ್ಲ? ಇನ್ನೊಂದು ಸಲ, ಉತ್ತರವಿಲ್ಲದ ಉತ್ತರವನ್ನೇ ತೆಗೆದುಕೊಂಡು ಹೋಗಿ ಎಂದಳು.

1587ರ ಫೆಬ್ರವರಿ 1ರಂದು ಕೊನೆಗೂ ವಾರಂಟಿಗೆ ಸಹಿ ಹಾಕಿ ಕಾರ್ಯದರ್ಶಿ ಡೇವಿಸನ್ ಕೈಗೆ ಕೊಟ್ಟಳು. ಅದೇ ಹೊತ್ತಿಗೆ, ಗುಟ್ಟಾಗಿ ಮುಗಿಸಲಾಗದೇ ಎಂದು ಪೌಲೆಟ್‌ಗೆ ಕಾಗದ ಬರೆಸಿದಳು. ಮೇರಿಯನ್ನು ಒಂದಿಷ್ಟೂ ಇಷ್ಟಪಡದ ಆ ಒರಟು ಕಾವಲುಗಾರ, ಕಾನೂನಿಲ್ಲದೆ ರಕ್ತ ಹರಿಸಿ ನನ್ನ ಮನಸ್ಸಾಕ್ಷಿಯನ್ನು ಮುಳುಗಿಸಲಾರೆ ಎಂದು ಉತ್ತರ ಬರೆದ. ಮಂತ್ರಿಗಳು ಮಾತ್ರ ಕಾಯಲಿಲ್ಲ. ಫೆಬ್ರವರಿ 3ರಂದು ತಮ್ಮಲ್ಲೇ ಸೇರಿ, ಎಲಿಜಬೆತ್‌ಗೆ ಮತ್ತೆ ಹೇಳದೆ, ವಾರಂಟ್ ಕಳಿಸಿಬಿಟ್ಟರು.

ಶಿಕ್ಷೆ ಹೇಗೆ ನಡೆಯಿತು?

1587ರ ಫೆಬ್ರವರಿ 8ರ ಬೆಳಿಗ್ಗೆ, ಫಾದರಿಂಗೇ ಕೋಟೆಯ ದೊಡ್ಡ ಹಜಾರದಲ್ಲಿ ತಲೆ ಕಡಿದರು. ಆಕೆಗೆ 44 ವರ್ಷ. ಒಂದೇ ಏಟಿಗೆ ಆಗಲಿಲ್ಲ. ಅದರ ವಿವರ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಅದಕ್ಕಿಂತ ಹಿಂದಿನ ರಾತ್ರಿ ನನಗೆ ಮುಖ್ಯ. ಊಟವಾದ ಮೇಲೆ ಸುದ್ದಿ ಹೇಳಿದರು, ಬೆಳಿಗ್ಗೆ ಎಂಟಕ್ಕೆ ಎಂದು. ನಡುರಾತ್ರಿ ಕಳೆದ ಮೇಲೆ ಮೊದಲ ಗಂಡನ ತಮ್ಮ, ಫ್ರಾನ್ಸಿನ ದೊರೆ ಮೂರನೇ ಹೆನ್ರಿಗೆ ಕಾಗದ ಬರೆದಳು. ಅದರಲ್ಲಿ ಆಕೆ ಕೇಳಿದ ಮುಖ್ಯ ಬೇಡಿಕೆ, ತನ್ನ ಸೇವಕರಿಗೆ ಬರಬೇಕಾದ ಸಂಬಳ ಕೊಡಿಸು ಎಂಬುದು. ಆ ಕಾಗದ ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಮಗ ಏನೂ ಮಾಡಲಿಲ್ಲವೇ?

ಆರನೇ ಜೇಮ್ಸ್ ತಾಯಿಯನ್ನು ಕೊನೆಯ ಸಲ ನೋಡಿದಾಗ ಹತ್ತು ತಿಂಗಳ ಮಗು. ಆಕೆಯ ಶತ್ರುಗಳ ಕೈಯಲ್ಲೇ ಬೆಳೆದ. 1586ರ ಜುಲೈನಲ್ಲಿ, ಬ್ಯಾಬಿಂಗ್ಟನ್ ಕಾಗದಗಳು ಓಡಾಡುತ್ತಿದ್ದ ಅದೇ ತಿಂಗಳು, ಎಲಿಜಬೆತ್ ಜೊತೆ ಒಪ್ಪಂದ ಮಾಡಿಕೊಂಡು ವರ್ಷಾಶನ ಪಡೆಯಲು ಶುರು ಮಾಡಿದ್ದ. ತಾಯಿಯ ಜೀವ ಉಳಿಸಿ ಎಂದು ರಾಯಭಾರಿಗಳನ್ನು ಕಳಿಸಿದ. ಒಪ್ಪಂದ ಮುರಿಯಲಿಲ್ಲ. ಕಣ್ಣು ಇಂಗ್ಲೆಂಡಿನ ಗಾದಿಯ ಮೇಲಿತ್ತು. 1603ರಲ್ಲಿ ಅದು ಸಿಕ್ಕಿತು. 1612ರಲ್ಲಿ ತಾಯಿಯ ದೇಹವನ್ನು ಮೊದಲು ಹೂಳಿದ್ದ ಪೀಟರ್‌ಬರೋದಿಂದ ವೆಸ್ಟ್‌ಮಿನ್‌ಸ್ಟರ್ ಅಬೆಗೆ ತರಿಸಿದ. ಅಲ್ಲಿ ಒಂದೇ ಪ್ರಾರ್ಥನಾ ಮಂದಿರದ ಉತ್ತರ ಬದಿಗೆ ಎಲಿಜಬೆತ್, ದಕ್ಷಿಣ ಬದಿಗೆ ಮೇರಿ.

ವಾರಂಟ್ ಕಳಿಸಿದ್ದಕ್ಕೆ ಪೆಟ್ಟು ತಿಂದವನು ಬಡಪಾಯಿ ಡೇವಿಸನ್. ನಾನು ಕಳಿಸು ಎಂದೇ ಇರಲಿಲ್ಲ ಎಂದು ಎಲಿಜಬೆತ್ ಅವನನ್ನು ಟವರ್ ಜೈಲಿಗೆ ಹಾಕಿಸಿದಳು. ದಂಡ 10,000 ಮಾರ್ಕ್ (ಆಗಿನ ಇಂಗ್ಲೆಂಡಿನ ಹಣದ ಲೆಕ್ಕ).

ಕೊನೆಗೂ ಆಕೆ ತಪ್ಪಿತಸ್ಥಳೋ ಅಲ್ಲವೋ?

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಸಂಚಿಗೆ ಒಪ್ಪಿಗೆ ಕೊಟ್ಟಳೇ? ಕೊಟ್ಟಳು ಎಂದು ನಾನು ನಂಬುತ್ತೇನೆ. ಆ ಸಭೆಗೆ ಆಕೆಯನ್ನು ದ್ರೋಹಿ ಎಂದು ವಿಚಾರಣೆ ಮಾಡುವ ಹಕ್ಕಿತ್ತೇ? ಇರಲಿಲ್ಲ ಎಂದು ನಂಬುತ್ತೇನೆ. ಎಲಿಜಬೆತ್‌ಗೆ ತನ್ನ ಜೀವ ಕಾಪಾಡಿಕೊಳ್ಳುವ ಹಕ್ಕು ಖಂಡಿತ ಇತ್ತು. ಅದನ್ನು ರಾಜಕೀಯ ಎಂದೋ ಯುದ್ಧ ಎಂದೋ ಕರೆದಿದ್ದರೆ ನನ್ನ ತಕರಾರು ಇಷ್ಟು ಇರುತ್ತಿರಲಿಲ್ಲ. ನ್ಯಾಯ ಎಂದು ಕರೆದ ಮೇಲೆ ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಬೇಕಿತ್ತು.

ಇಂಥ ಬೇರೆ ಕೇಸುಗಳು ನಡೆದಿವೆಯೇ?

ಹಿಂದೆ ಒಂದು ಇತ್ತು. 1268ರಲ್ಲಿ ಆಂಜೂವಿನ ಚಾರ್ಲ್ಸ್, ತನ್ನ ವಿರುದ್ಧ ಸಿಸಿಲಿ ರಾಜ್ಯಕ್ಕೆ ಹಕ್ಕು ಹೇಳಿ ಬಂದು ಸೋತು ಸಿಕ್ಕಿಬಿದ್ದ ಹದಿನಾರರ ಹುಡುಗ ಕೊನ್ರಾಡಿನ್‌ನನ್ನು ನೇಪಲ್ಸಿನಲ್ಲಿ ವಿಚಾರಣೆ ಮಾಡಿಸಿ ತಲೆ ಕಡಿಸಿದ. ಯುರೋಪ್ ಅದನ್ನು ಬಹಳ ಕಾಲ ಮರೆಯಲಿಲ್ಲ. ಮುಂದೆ 1649ರಲ್ಲಿ ಮೇರಿಯ ಸ್ವಂತ ಮೊಮ್ಮಗ, ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್, ತನ್ನ ಪ್ರಜೆಗಳ ಕೋರ್ಟಿನ ಮುಂದೆ ನಿಂತು ಅಜ್ಜಿಯ ಪ್ರಶ್ನೆಯನ್ನೇ ಕೇಳಿದ: ಯಾವ ಅಧಿಕಾರದಿಂದ?

ನಮಗೆ ಹತ್ತಿರದ್ದು ದೆಹಲಿಯದು. 1858ರ ಜನವರಿ 27ರಿಂದ ಮಾರ್ಚ್ 9ರವರೆಗೆ, ಕೆಂಪುಕೋಟೆಯ ದಿವಾನ್-ಇ-ಖಾಸ್‌ನಲ್ಲಿ, ವಯಸ್ಸು ಎಂಬತ್ತು ದಾಟಿದ ಕೊನೆಯ ಮೊಘಲ್ ದೊರೆ ಬಹಾದುರ್ ಶಾ ಜಫರ್‌ನನ್ನು ಬ್ರಿಟಿಷ್ ಸೈನ್ಯದ ಅಧಿಕಾರಿಗಳು ವಿಚಾರಣೆ ಮಾಡಿದರು. ಅವನು ಭಾರತದಲ್ಲಿನ ಬ್ರಿಟಿಷ್ ಸರ್ಕಾರದ ಪ್ರಜೆ, ಪ್ರಜೆಯಾಗಿದ್ದು ತಾನೇ ದೊರೆ ಎಂದು ಸಾರಿಕೊಂಡ ದ್ರೋಹಿ ಎಂಬುದು ಒಂದು ಆರೋಪ. 1765ರಲ್ಲಿ ಅವನ ಅಜ್ಜ ಶಾ ಆಲಂನಿಂದಲೇ ಕಂಪನಿ ಬಂಗಾಳದ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು, ಪಡೆದಿತ್ತು. 1835ರವರೆಗೂ ಕಂಪನಿ ಶಾ ಆಲಂನ ಹೆಸರಿನಲ್ಲೇ ನಾಣ್ಯ ಹೊಡೆಸುತ್ತಿತ್ತು. ಹಾಗಾದರೆ ಯಾರು ಯಾರ ಪ್ರಜೆ? ಇಲ್ಲಿ ಉಂಡ ಮನೆಯ ಲೆಕ್ಕವೇ ತಿರುಗುಮುರುಗಾಗಿ ನಿಲ್ಲುತ್ತದೆ. ಜೀವ ಉಳಿಸುತ್ತೇವೆ ಎಂದು ಮಾತು ಕೊಟ್ಟು ಹಿಡಿದಿದ್ದರಿಂದ ಕೊಲ್ಲದೆ ರಂಗೂನಿಗೆ ಗಡೀಪಾರು ಮಾಡಿದರು. 1862ರ ನವೆಂಬರ್ 7ರಂದು ಅಲ್ಲೇ ತೀರಿಕೊಂಡ.

ಹೊಸದಾಗಿ ಏನಾದರೂ ದಾಖಲೆ ಸಿಕ್ಕಿದೆಯೇ?

ಸಿಕ್ಕಿದೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಬೇರೆ ವಿಷಯದ ಕಾಗದಗಳ ಜೊತೆ ಬಿದ್ದಿದ್ದ ಗೂಢಲಿಪಿ ಪತ್ರಗಳನ್ನು ಮೂವರು ಸಂಶೋಧಕರು ಬಿಡಿಸಿ 2023ರಲ್ಲಿ ಪ್ರಕಟಿಸಿದರು. ಅವು ಮೇರಿಯವು, 57 ಪತ್ರಗಳು, 1578ರಿಂದ 1584ರ ನಡುವಿನವು. ಹೆಚ್ಚಿನವು ಲಂಡನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಕಾಸ್ತೆಲ್ನೋಗೆ ಬರೆದವು. ಆರೋಗ್ಯದ ಗೋಳು, ಮಗನ ಚಿಂತೆ, ಬಿಡುಗಡೆಯ ಮಾತುಕತೆ, ವಾಲ್ಸಿಂಗಮ್ ಮೇಲಿನ ಅಪನಂಬಿಕೆ ಎಲ್ಲ ಇವೆ. ಬ್ಯಾಬಿಂಗ್ಟನ್ ವಿಷಯಕ್ಕೆ ಇವು ಉತ್ತರ ಕೊಡುವುದಿಲ್ಲ, ಅದಕ್ಕೂ ಮೊದಲಿನವು.

ಫಾದರಿಂಗೇಗೆ ಹೋದರೆ ಏನು ನೋಡಬಹುದು?

ಕೋಟೆ ಇಲ್ಲ. 1630ರ ದಶಕದಲ್ಲೇ ಕೆಡವಿದರು. ನಾರ್ಥಾಂಪ್ಟನ್‌ಶೈರಿನ ನೆನ್ ನದಿಯ ದಂಡೆಯಲ್ಲಿ ಒಂದು ಹುಲ್ಲು ದಿಬ್ಬ, ಕೆಳಗೆ ಬೇಲಿ ಹಾಕಿ ಕಾಪಾಡಿರುವ ಕಲ್ಲುಗಾರೆಯ ಒಂದು ತುಂಡು, ಅಷ್ಟೇ. ದಿಬ್ಬದ ಸುತ್ತ ಮುಳ್ಳುಹೂವಿನ ಗಿಡಗಳಿವೆ. ಸ್ಕಾಟ್ಲೆಂಡಿನ ಗುರುತೂ ಅದೇ ಜಾತಿಯ ಹೂವು. ಅಲ್ಲಿಯವರು ಅವನ್ನು ಮೇರಿ ರಾಣಿಯ ಕಣ್ಣೀರು ಎನ್ನುತ್ತಾರೆ. ಸಂಜೆಯ ಮುಂಚೆ ಹೋಗಿ, ದಿಬ್ಬ ಹತ್ತಿದರೆ ನದಿಯೂ ಊರಿನ ಚರ್ಚೂ ಚೆನ್ನಾಗಿ ಕಾಣುತ್ತವೆ.